ಚಾಡಿಗೂಟ

ಗೂಟ ಮಾತಾಡುತ್ತದೆ ಅಂದಾಗ ಜಾಲಕುಂಟೆಯಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಆಮೇಲೆ ಎಲ್ಲರೂ ನಂಬಿದರು. ಊರಿಗೆ ತಲೆನೋವು ಶುರುವಾಗಿದ್ದು ನಂಬಿದ ಮೇಲೇ.

ಗೂಟ ಅಂದರೆ ದೊಡ್ಡದೇನಲ್ಲ. ಮೊಳದುದ್ದದ, ಹೆಬ್ಬೆರಳು ದಪ್ಪದ ಒಂದು ಕಡ್ಡಿ. ಹೊಲದ ತುಂಡಿಗೆ, ಅಂದರೆ ತಾಕಿಗೆ, ಒಂದರಂತೆ ನೆಲದಲ್ಲಿ ಹೂತು, ಹಸಿರು ಟೋಪಿಯಂಥ ತುದಿ ಮಾತ್ರ ಮೇಲೆ ಕಾಣುವಂತೆ ಬಿಟ್ಟಿದ್ದರು. ಸುತ್ತಲ ಮಣ್ಣಿನಲ್ಲಿ ನೂರು ಪಾಲಿಗೆ ಎಷ್ಟು ಪಾಲು ನೀರಿದೆ ಅಂತ ಅಳೆದು, ಗಂಟೆಗೊಮ್ಮೆ ಕೆರೆ ಏರಿಯ ಕೆಳಗಿನ ನೀರುಮನೆಗೆ ತಿಳಿಸುವುದು ಅದರ ಕೆಲಸ. ನೀರುಮನೆಯ ಯಂತ್ರ ಆ ಲೆಕ್ಕ ನೋಡುತ್ತದೆ. ಹನ್ನೆರಡಕ್ಕಿಂತ ಕೆಳಗಿಳಿದ ತಾಕಿಗೆ ವಾಲ್ವ್ ತೆರೆಯುತ್ತದೆ, ಮೇಲಿದ್ದರೆ ಮುಚ್ಚಿಯೇ ಇಡುತ್ತದೆ. ಬೇಡವಾದವರ ನೀರು ಕೆಳಗಿನ ತಾಕಿಗೆ ಹೋಗುತ್ತದೆ. ಕೂಗಿಲ್ಲ, ಕೈಕೈ ಮಿಲಾಯಿಸುವುದಿಲ್ಲ, ಸರದಿಗಾಗಿ ಕಾಯುವುದೂ ಇಲ್ಲ. ಊರಿನವರು ಆ ಯಂತ್ರಕ್ಕೆ ಯಜಮಾನ ಅಂತಲೂ, ಒಬ್ಬರ ಹೊಲದ ವಿಷಯ ಇನ್ನೊಂದು ಕಡೆ ಊದುವ ಆ ಕಡ್ಡಿಗೆ ಚಾಡಿಗೂಟ ಅಂತಲೂ ಹೆಸರಿಟ್ಟರು. ಹೆಸರಿಡುವುದರಲ್ಲಿ ಜಾಲಕುಂಟೆಯವರನ್ನು ಮೀರಿಸುವವರಿಲ್ಲ ಬಿಡಿ.

ಯಜಮಾನನ ಮುಂದೆ ಕೂರುವ ಕೆಲಸ ಸುಗುಣನದು. ಅವಳ ಮಾವ ಈ ಕೆರೆಗೆ ನಲವತ್ತು ವರ್ಷ ನೀರಗಂಟಿಯಾಗಿದ್ದವರು, ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಮಡೆ ಮಡೆ ಸುತ್ತಿ ಯಾರ ಹೊಲಕ್ಕೆ ಎಷ್ಟು ಅಂತ ನೀರು ಬಿಟ್ಟವರು. ಆ ಮನೆಯ ಸೊಸೆ ಅಂತ ಸಂಘದವರು ಇವಳನ್ನೇ ಕೂರಿಸಿದ್ದರು. ಗುದ್ದಲಿ ಹೋಗಿ ಕುರ್ಚಿ ಬಂದಿತ್ತು. ಬೈಗುಳ ಮಾತ್ರ ಹಾಗೇ ಉಳಿದಿತ್ತು.

ಆ ದಿನ ಬೆಳಿಗ್ಗೆ ಬೈಯಲು ಬಂದವಳು ಬೇರೆ ಯಾರೂ ಅಲ್ಲ, ಸುಗುಣನ ಓರಗಿತ್ತಿ ಅಕ್ಕಯ್ಯಮ್ಮ. ಸುಗುಣನ ಗಂಡ ರವಣಪ್ಪನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಆರು ವರ್ಷ. ಹದಿನೇಳನೇ ತಾಕಿನ ಹಿಪ್ಪುನೇರಳೆ, ಒಂದು ಹುಳು ಮನೆ, ಇಷ್ಟರ ಮೇಲೆ ಆಕೆಯ ಬದುಕು ನಿಂತಿತ್ತು.

"ಏ ಸುಗುಣಾ, ಬಾ ಇಲ್ಲಿ. ಬಂದು ನೋಡು ನನ್ ಸೊಪ್ಪನ್ನ," ಅಕ್ಕಯ್ಯಮ್ಮ ಒಂದು ಹಿಡಿ ಎಲೆ ತಂದು ಮೇಜಿನ ಮೇಲೆ ಎಸೆದಳು. ಎಲೆಗಳು ಜೋತುಬಿದ್ದು ಒಣಗಿದ ಚರ್ಮದ ಹಾಗಾಗಿದ್ದವು. "ಹತ್ತೊಂಬತ್ತು ದಿನ ಆಯ್ತು, ಒಂದು ತೊಟ್ಟು ನೀರು ಬಿಟ್ಟಿಲ್ಲ ನಿನ್ ಯಜಮಾನ. ಹುಳು ಮೂರನೇ ಜ್ವರದಾಗವೆ. ಎದ್ದು, ನಾಲ್ಕನೇ ಜ್ವರಾನೂ ಮುಗಿಸಿದ್ರೆ ಬಕಾಸುರನಂಗೆ ತಿಂತವೆ. ಆಗ ಏನು ಹಾಕ್ಲಿ? ನನ್ ಸೀರೆ ಸೆರಗಾ?"

ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಂಕಾಗಿ ಮಲಗುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಸೊಪ್ಪು ಸಾಲದೆ ಹೋದರೆ ಗೂಡು ಕಟ್ಟುವುದಿಲ್ಲ, ತಟ್ಟೆಯಲ್ಲೇ ಸಾಯುತ್ತವೆ. ಇನ್ನು ಒಂದು ವಾರವೂ ಇರಲಿಲ್ಲ.

ಸುಗುಣ ಪರದೆ ತೋರಿಸಿದಳು. "ನೀನೇ ನೋಡಕ್ಕ. ಹದಿನೇಳು, ಇಪ್ಪತ್ನಾಲ್ಕು. ಬೇರೆಯವರದೆಲ್ಲ ಹದಿಮೂರು, ಹದಿನಾಲ್ಕು. ಊರಲ್ಲೆಲ್ಲ ನಿನ್ನ ನೆಲಾನೇ ಒದ್ದೆ ಅಂತ ಐತೆ. ನಾನೇನು ಮಾಡ್ಲಿ?"

"ನೀನೇನು ಮಾಡ್ತೀಯಾ ಅಂತ ಊರಿಗೇ ಗೊತ್ತೈತೆ. ನಂಗೆ ಬರದ ನೀರು ಯಾರಿಗೆ ಹೋಗ್ತೈತೆ? ಹದಿನೆಂಟಕ್ಕೆ. ಹದಿನೆಂಟು ಯಾರ್ದು? ನಿನ್ ಗಂಡಂದು. ಸಾಕಾ? ಇನ್ನೂ ಬಿಡಿಸಿ ಹೇಳ್ಬೇಕಾ?"

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಜನ ತಲೆ ತಿರುಗಿಸಿದರು. ಸುಗುಣನ ಮುಖ ಉರಿಯಿತು. ಹಿಂದಿನ ವಾರವೂ ಇದೇ ಮಾತು, ಇದೇ ಜನದ ಮುಂದೆ. ಆ ಸಿಟ್ಟಿಗೇ ಅವಳು ಮನೆಗೆ ಹೋಗಿ ಗಂಡನ ಕೈ ತನ್ನ ತಲೆ ಮೇಲಿಟ್ಟುಕೊಂಡು, ಇನ್ನು ಆ ಅಕ್ಕಯ್ಯಮ್ಮನ ಹೊಸಿಲು ತುಳಿಯುವುದಿಲ್ಲ ಅಂತ ಆಣೆ ಹಾಕಿಸಿದ್ದಳು. ರವಣಪ್ಪ ಪಾಪ, ಅತ್ತಿಗೆಯ ಕೈತುತ್ತು ತಿಂದು ಬೆಳೆದವನು. ಆದರೂ ಹೂಂ ಅಂದಿದ್ದ.

ಅಕ್ಕಯ್ಯಮ್ಮ ಹೋದ ಮೇಲೆ ಸುಗುಣ ಪಟ್ಟಣದ ಕಚೇರಿಗೆ ಫೋನು ಮಾಡಿದಳು. ಗೂಟಗಳ ಉಸ್ತುವಾರಿ ನೋಡುವ ಇನಾಯತುಲ್ಲಾ ಸಾಹೇಬರು ಎಲ್ಲ ಕೇಳಿಸಿಕೊಂಡು, "ಗೂಟ ಕೆಟ್ಟಿಲ್ಲಮ್ಮ, ನಾನಿಲ್ಲಿಂದಲೇ ಪರೀಕ್ಷೆ ಮಾಡಿದೆ, ಸರಿಯಾಗೇ ಅಳೀತಾ ಇದೆ," ಅಂದರು. ಆಮೇಲೆ, "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ. ಬೇರೆ ಕಡೆ ಹೀಗೆ ಆಗಿದೆ. ಪಕ್ಕದವರ ಗೂಟದ ಬುಡಕ್ಕೆ ದಿನಾ ಒಂದು ಕೊಡ ನೀರು ಸುರಿಯೋದು. ಗೂಟ ಒದ್ದೆ ಅನ್ನುತ್ತೆ, ಅವರ ವಾಲ್ವ್ ಮುಚ್ಚುತ್ತೆ, ಸುರಿದವರಿಗೆ ನೀರು. ಯಾರಿಗೆ ಲಾಭವೋ ಅವರ ಮೇಲೆ ಒಂದು ಕಣ್ಣಿಡಿ," ಅಂದರು.

ಫೋನು ಇಟ್ಟ ಮೇಲೂ ಸುಗುಣ ಪರದೆಯನ್ನೇ ನೋಡುತ್ತ ಕೂತಳು. ಲಾಭ ಯಾರಿಗೆ ಅಂತ ಹುಡುಕಲು ಯಂತ್ರ ಬೇಕಿರಲಿಲ್ಲ. ಹದಿನೆಂಟರ ಹಿಪ್ಪುನೇರಳೆ ಕಪ್ಪಗೆ ಮಿಂಚುತ್ತಿತ್ತು. ಈ ಸಲ ತಾವು ಹುಳು ಸಾಕಿರಲಿಲ್ಲ, ಹುಳು ಮನೆಗೆ ಸುಣ್ಣ ಬಳಿಯಲು ಬಿಟ್ಟಿದ್ದರು. ಸೊಪ್ಪು ಸುಮ್ಮನೆ ಬೆಳೆದು ನಿಂತಿತ್ತು.

ಸಂಶಯ ಅನ್ನುವುದು ಒಂದು ಸಲ ಒಳಗೆ ಬಂದರೆ ಚಾಪೆ ಹಾಸಿಕೊಂಡು ಮಲಗುತ್ತದೆ. ಸಂಜೆ ಮನೆಗೆ ಹೋದಾಗ ಸುಗುಣನ ಕಣ್ಣಿಗೆ ಬಿದ್ದದ್ದೆಲ್ಲ ಹೊಸದಾಗಿ ಕಂಡಿತು. ರವಣಪ್ಪನ ಚಪ್ಪಲಿಯ ಅಂಚಿನಲ್ಲಿ ಕೆಸರು. ಬಚ್ಚಲ ಪಕ್ಕದಲ್ಲಿರುತ್ತಿದ್ದ ಹಿತ್ತಾಳೆ ಬಿಂದಿಗೆ ಹಿತ್ತಿಲ ಬಾಗಿಲ ಹತ್ತಿರ ಮಗುಚಿತ್ತು.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ?" ಅವಳು ಮುದ್ದೆ ಬಡಿಸುತ್ತ ಕೇಳಿದಳು.

"ಎಲ್ಲಿಗೆ ಹೋಗ್ಲಿ? ಹೊಲದ ಕಡೆ."

"ಬಿಂದಿಗೆ ತಗೊಂಡಾ?"

ರವಣಪ್ಪನ ಕೈ ಸಾರಿನ ಮೇಲೆ ಒಂದು ಕ್ಷಣ ನಿಂತಿತು. "ಕುಡಿಯೋಕೆ," ಅಂದ.

ಕುಡಿಯೋಕೆ ಒಂದು ಬಿಂದಿಗೆ! ಎತ್ತು ಕೂಡ ಅಷ್ಟು ಕುಡಿಯುವುದಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ತನಗೆ ಸುಳ್ಳು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಹೇಳುವಾಗ ಹೀಗೆ ತಟ್ಟೆ ನೋಡುತ್ತಾನೆ ಅಂತಲೂ ಗೊತ್ತಿರಲಿಲ್ಲ. ಅತ್ತಿಗೆಯ ಹೊಟ್ಟೆಗೆ ಹೊಡೆಯುವಂಥವನಾ ಇವನು ಅಂತ ಮನಸ್ಸು ಕೇಳಿತು. ಮತ್ತೆ ಬಿಂದಿಗೆ ಯಾಕೆ ಅಂತ ಅದೇ ಮನಸ್ಸು ತಿರುಗಿ ಕೇಳಿತು.

ಮಾರನೆಯ ದಿನ ಬೆಳಕು ಹರಿಯುವಾಗಲೇ ಅವನು ಎದ್ದ. ಸುಗುಣ ಕಣ್ಣು ಮುಚ್ಚಿಕೊಂಡೇ ಶಬ್ದ ಎಣಿಸಿದಳು. ಬಿಂದಿಗೆಗೆ ನೀರು ತುಂಬಿದ್ದು, ಹಿತ್ತಿಲ ಬಾಗಿಲು ಸರಿದದ್ದು. ಅವಳು ಎದ್ದು ಗೋಡೆಯ ಪಕ್ಕ ನಿಂತು ನೋಡಿದಳು. ತುಂಬಿದ ಬಿಂದಿಗೆ ಹೆಗಲ ಮೇಲೆ, ಅವನು ತಮ್ಮ ಹದಿನೆಂಟನ್ನು ದಾಟಿ ಬದುವಿನ ಮೇಲೆ ಹದಿನೇಳರ ಕಡೆಗೆ ನಡೆಯುತ್ತಿದ್ದ. ಇನ್ನು ಹತ್ತು ಹೆಜ್ಜೆ ಅವನ ಹಿಂದೆ ಹೋಗಿದ್ದರೆ ಎಲ್ಲ ಕಾಣುತ್ತಿತ್ತು. ಹೋಗಲಿಲ್ಲ. ಗಂಡ ಬಗ್ಗಿ ನೀರು ಸುರಿಯುವುದನ್ನು ಕಣ್ಣಾರೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ನೇರ ನೀರುಮನೆಗೆ ಹೋಗಿ ಬೀಗ ತೆಗೆದು ಕೂತಳು. ಯಂತ್ರದಲ್ಲಿ ಒಂದು ಗುಂಡಿಯಿದೆ, ಅದರ ಮೇಲೆ ಸಂಶಯ ಅಂತಲೇ ಬರೆದಿದೆ. ಒತ್ತಿದರೆ ಯಾರ ಮೇಲೆ ಅಂತ ಹೆಸರು ಕೇಳುತ್ತದೆ. ಹೆಸರಿನವರ ತಾಕಿನ ವಾಲ್ವ್ ಹದಿನೈದು ದಿನ ಬಂದ್. ಹೆಸರು, ದೂರು ಕೊಟ್ಟವರ ಹೆಸರು ಎರಡೂ ಹೊರಗೋಡೆಯ ಬೋರ್ಡಿನ ಮೇಲೆ ಬರುತ್ತವೆ. ಈ ತನಕ ಜಾಲಕುಂಟೆಯಲ್ಲಿ ಅದನ್ನು ಒಬ್ಬರೂ ಒತ್ತಿರಲಿಲ್ಲ.

ಬೇರೆಯವನಾಗಿದ್ದರೆ ಒತ್ತುತ್ತಿದ್ದೆ ತಾನೆ ಅಂದುಕೊಂಡಳು. ತನ್ನವನು ಅಂತ ಬಿಟ್ಟರೆ ಅಕ್ಕಯ್ಯಮ್ಮ ಊರ ಮುಂದೆ ಅಂದದ್ದು ನಿಜವಾಗುತ್ತದೆ. ಮಾವ ನಲವತ್ತು ವರ್ಷ ಉಳಿಸಿಕೊಂಡ ಹೆಸರು ಏನಾಗಬೇಕು? ಕಣ್ಣಲ್ಲಿ ನೀರು ತುಂಬಿ ಅಕ್ಷರಗಳು ಮಸುಕಾದವು. ವೆಂಕಟರವಣಪ್ಪ ಅಂತ ಪೂರ್ತಿ ಹೆಸರು ಬರೆದು ಒತ್ತಿಯೇಬಿಟ್ಟಳು. ದೂರದಲ್ಲಿ ಹದಿನೆಂಟರ ವಾಲ್ವ್ ಟಕ್ ಅಂದು ಮುಚ್ಚಿಕೊಂಡಿತು.

ಯಜಮಾನನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಒದ್ದೆಯಾದ ಗೂಟದ ಬುಡದ ಫೋಟೋ ಕಳಿಸಿ ಅಂತ ಪರದೆಯ ಮೇಲೆ ಬಂತು.

ಸುಗುಣ ಬದು ಹಿಡಿದು ನಡೆದಳು. ಹದಿನೇಳರಲ್ಲಿ ಯಾರೂ ಇರಲಿಲ್ಲ. ಗೂಟದ ಹತ್ತಿರ ಹೋಗಿ ಫೋನು ತೆಗೆದವಳು ಹಾಗೇ ನಿಂತಳು. ಬುಡ ಒಣಗಿ ಬಿರುಕು ಬಿಟ್ಟಿತ್ತು. ನೀರು ಸುರಿದ ಗುರುತಿಲ್ಲ, ಹೆಜ್ಜೆ ಗುರುತಿಲ್ಲ. ಒಳಗಾದರೂ ಒದ್ದೆಯಿರಬಹುದು ಅಂತ ಅಲ್ಲೇ ಬಿದ್ದಿದ್ದ ಕುಡುಗೋಲಿನಿಂದ ಒಂದು ಗೇಣು ಕೆದಕಿದಳು. ಒಳಗೆ ಮಣ್ಣು ತಣ್ಣಗೆ, ತೇವವಾಗಿಯೇ ಇತ್ತು. ಇಪ್ಪತ್ನಾಲ್ಕು ಅಂದದ್ದು ಸುಳ್ಳಲ್ಲ.

ಆದರೆ ಗೂಟಕ್ಕೆ ಅಂಟಿಕೊಂಡಂತೆ ಒಂದು ತುಂಬೆ ಗಿಡ ಬೆಳೆದಿತ್ತು. ಆ ತೇವದಲ್ಲೇ ಬೇರು ಇಳಿಸಿದ ಗಿಡ. ಅದೂ ತಲೆ ಬಾಗಿಸಿ ಬಾಡಿ ಹೋಗಿತ್ತು.

ಇದೇನು ಮಾಯ! ಬೇರಿನ ಸುತ್ತ ನೀರಿದೆ, ಗಿಡ ಮಾತ್ರ ಬಾಯಾರಿ ಸಾಯುತ್ತಿದೆ. ಸುಗುಣ ಗೂಟದ ಬುಡದ ಮಣ್ಣನ್ನು ಅಂಗೈಯಲ್ಲಿ ಹಿಸುಕಿದಳು. ಕಪ್ಪು ಮಣ್ಣು, ನುಣ್ಣಗೆ ಅಂಟಂಟು. ಹೊಸೆದರೆ ಬತ್ತಿಯಾಯಿತು, ಬತ್ತಿ ಬಾಗಿಸಿದರೆ ಬಳೆಯಾಯಿತು. ನಾಲ್ಕು ಮಾರು ಆಚೆ ಹೋಗಿ ಸಾಲಿನೊಳಗಿನ ಮಣ್ಣು ಹಿಡಿದಳು. ಕೆಂಪು, ಮರಳು ಮರಳು. ಬೆರಳ ಸಂದಿಯಿಂದ ಉದುರಿ ಹೋಯಿತು. ಒಂದೇ ಹೊಲ, ಗೂಟದ ಸುತ್ತ ಮಾತ್ರ ಬೇರೆ ಮಣ್ಣು.

ಅಲ್ಲೇ ಕೂತು ಫೋನಿನಲ್ಲಿ ಹದಿನೇಳರ ತೇವದ ಏರಿಳಿತ ತೋರಿಸುವ ಗೆರೆ ತೆಗೆದು ನೋಡಿದಳು. ಇಪ್ಪತ್ತು ದಿನದ ಹಿಂದೆ ಯಂತ್ರ ಶುರುಮಾಡಿ ಎಲ್ಲ ತಾಕಿಗೂ ಒಂದು ಸಲ ನೀರು ಬಿಟ್ಟಾಗ ನಲವತ್ತರ ಹತ್ತಿರ ಏರಿ, ನಿಧಾನಕ್ಕೆ ಇಳಿದು, ಈಗ ಐದು ದಿನದಿಂದ ಇಪ್ಪತ್ನಾಲ್ಕರಲ್ಲಿ ಚಪ್ಪಟೆಯಾಗಿತ್ತು. ಯಾರಾದರೂ ದಿನಾ ನೀರು ಸುರಿದಿದ್ದರೆ ಬೆಳಿಗ್ಗೆ ಬೆಳಿಗ್ಗೆ ಗೆರೆ ಮೇಲೆ ನೆಗೆಯಬೇಕಿತ್ತು. ಒಂದು ದಿನವೂ ನೆಗೆದಿಲ್ಲ. ಈ ಗೆರೆ ನಿನ್ನೆಯೂ ಅವಳ ಕಣ್ಣ ಮುಂದೇ ಇತ್ತು. ನೋಡಿದ್ದಳು, ಆದರೆ ಮನಸ್ಸೆಲ್ಲ ಬಿಂದಿಗೆಯ ಮೇಲಿತ್ತು.

ಇನಾಯತುಲ್ಲಾ ಸಾಹೇಬರು ಈ ಸಲ ಮಧ್ಯೆ ಬಾಯಿ ಹಾಕದೆ ಕೇಳಿದರು. "ಬಳೆ ಆಯ್ತಾ? ಹಾಗಿದ್ರೆ ಅದು ಜಿಗುಟು ಮಣ್ಣು. ಜಾಲಕುಂಟೆ ಅಂದ್ರೆ ಕೆಂಪು ಮರಳು ಮಣ್ಣು ಅಂತ ಯಂತ್ರಕ್ಕೆ ಬರೆದುಕೊಟ್ಟಿದೀವಿ. ಅಯ್ಯೋ, ಪೂರ್ತಿ ಉಲ್ಟಾ ಓದ್ತಿದೆ ಅದು."

"ನಂಗೆ ಅರ್ಥ ಆಗೋ ಹಂಗೆ ಹೇಳಿ ಸಾಹೇಬ್ರೆ."

"ಬಟ್ಟೆ ಒಗೆದು ಹಿಂಡ್ತೀರಲ್ಲ. ಹಿಂಡಿದ ಮೇಲೆ ಒಂದು ಹನಿ ಬೀಳಲ್ಲ, ಆದ್ರೂ ಬಟ್ಟೆ ಒದ್ದೇನೇ. ತೆಳ್ಳಗಿನ ಪಂಚೆಯಲ್ಲಿ ಉಳಿಯೋದು ಸ್ವಲ್ಪ, ದಪ್ಪ ಜಮಖಾನದಲ್ಲಿ ಉಳಿಯೋದು ಬಹಳ. ಹನಿ ಮಾತ್ರ ಎರಡರಲ್ಲೂ ಬೀಳಲ್ಲ. ಜಿಗುಟು ಮಣ್ಣು ಜಮಖಾನದ ಹಾಗೆ. ಇಪ್ಪತ್ನಾಲ್ಕು ಪಾಲು ನೀರು ಅದರ ಹತ್ತಿರ ಇದೆ, ಆದ್ರೆ ಬಿಗಿಯಾಗಿ ಹಿಡ್ಕೊಂಡಿದೆ, ಬೇರು ಎಳೆದ್ರೂ ಕೊಡಲ್ಲ. ನಿಮ್ಮ ಕೆಂಪು ಮಣ್ಣಲ್ಲಿ ಇಪ್ಪತ್ನಾಲ್ಕು ಅಂದ್ರೆ ಜಾತ್ರೆ! ಮಣ್ಣಲ್ಲಿ ಎಷ್ಟಿದೆ ಅನ್ನೋದು ಬೇರೆ, ಗಿಡಕ್ಕೆ ಎಷ್ಟು ಸಿಗುತ್ತೆ ಅನ್ನೋದು ಬೇರೆ. ಗೂಟಕ್ಕೆ ಮೊದಲನೇದು ಮಾತ್ರ ಗೊತ್ತು." ಆಮೇಲೆ ಕೇಳಿದರು, "ಆ ಮಣ್ಣು ಅಲ್ಲಿಗೆ ಬಂತು ಹೇಗೆ? ತೆಗೆದ ಮಣ್ಣನ್ನೇ ವಾಪಸ್ ತುಂಬಿ ಅಂತ ನಮ್ಮವರಿಗೆ ಹೇಳಿದ್ದೆನಲ್ಲ?"

ಉತ್ತರ ಬದುವಿನ ಮೇಲೆ ನಡೆದು ಬರುತ್ತಿತ್ತು. ತನ್ನ ಹೊಲದಲ್ಲಿ ಸುಗುಣ ಗುಂಡಿ ತೋಡುವುದನ್ನು ಕಂಡು ಅಕ್ಕಯ್ಯಮ್ಮ ಸೀರೆ ಎತ್ತಿ ಕಟ್ಟಿಕೊಂಡು ಧಾವಿಸಿ ಬಂದಳು.

"ಏನೇ ಇದು? ಈಗ ಗೂಟಾನೂ ಕಿತ್ಕೊಂಡು ಹೋಗ್ತೀಯಾ?"

"ಅಕ್ಕ, ಈ ಕಪ್ಪು ಮಣ್ಣು ಯಾರು ಹಾಕಿದ್ದು ಇಲ್ಲಿ?"

ಅಕ್ಕಯ್ಯಮ್ಮನ ಸ್ವರ ಇಳಿಯಿತು. ಸುತ್ತ ನೋಡಿದಳು. "ಯಾಕೆ? ಹಾಕ್ಬಾರ್ದಾಗಿತ್ತಾ?"

"ನೀನಾ?"

"ಅಲ್ಲ ಕಣೇ, ಊರಿಗೆಲ್ಲ ನೀರು ಕೊಡ್ಸೋ ಗೂಟ ಅಂದ್ರು. ಗೂಟ ನಿಲ್ಸಿ, ಆ ಹುಡುಗ್ರು ಟೀ ಕುಡಿಯೋಕೆ ಅಂತ ಹೋದ್ರು. ಬರೀ ಮರಳ ಗುಂಡಿ, ನೋಡಿ ಕರುಳು ಚುರ್ ಅಂತು. ನಮ್ಮ ಮನೇಲಿ ಒಂದು ನುಗ್ಗೆಕಡ್ಡಿ ನೆಟ್ರೂ ಗುಂಡಿಗೆ ಕೆರೆಗೋಡು ತುಂಬದೆ ನೆಟ್ಟಿದೀವಾ? ನಮ್ ಮಾವ ಬಿಡ್ತಿದ್ರಾ? ಎರಡು ಮಂಕರಿ ಕೆರೆಗೋಡು ತಂದು ತುಂಬಿ, ಚೆನ್ನಾಗಿ ತುಳ್ದು, ಅರಿಶಿನ ಕುಂಕುಮ ಇಟ್ಟೆ. ಒಳ್ಳೇ ಮಣ್ಣಲ್ಲಿ ನಿಂತ್ರೆ ಒಳ್ಳೇ ಮಾತು ಹೇಳ್ತೈತೆ ಅಂದ್ಕೊಂಡೆ. ಹೇಳಿದ್ರೆ ಬೈತಾರೆ ಅಂತ ಬಾಯಿ ಮುಚ್ಕೊಂಡಿದ್ದೆ."

ಕೆರೆಗೋಡು ಅಂದರೆ ಕೆರೆಯ ತಳದ ಹೂಳು. ಜಾಲಕುಂಟೆಯಲ್ಲಿ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ, ಅದಕ್ಕಿಂತ ಜಿಗುಟಾದದ್ದೂ ಇಲ್ಲ. ಇಡೀ ಹೊಲಕ್ಕೆ ತೆಳ್ಳಗೆ ಎರಚಿದರೆ ವರ. ಗೂಟದ ಸುತ್ತ ಮಾತ್ರ ತುರುಕಿದ್ದರಿಂದ ಗೂಟಕ್ಕೆ ಗೊತ್ತಾದದ್ದು ಆ ಎರಡು ಮಂಕರಿಯ ಸುದ್ದಿ ಮಾತ್ರ. ಸುಗುಣನಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಕ್ಕಯ್ಯಮ್ಮ ಗಾಬರಿಯಾದಳು.

"ಅಳ್ಬೇಡ್ವೇ. ನಾನು ಸುಮ್ನೆ ನಿನ್ ಮೇಲೆ ಗೂಬೆ ಕೂರಿಸ್ದೆ. ನಂದೇ ತಪ್ಪು."

"ನಿಂದಲ್ಲಕ್ಕ," ಅಂದು ಸುಗುಣ ಕಣ್ಣೊರೆಸಿಕೊಂಡು ಗೂಟಕ್ಕೆ ಕೈ ಹಾಕಿದಳು.

ಇಬ್ಬರೂ ಸೇರಿ ಗೂಟ ಕಿತ್ತರು. ಸೆರಗಿನಲ್ಲಿ ಒರೆಸಿ, ಸಾಲಿನ ನಡುವಿನ ಕೆಂಪು ಮಣ್ಣಿನಲ್ಲಿ ಗುಂಡಿ ತೋಡಿ, ತೆಗೆದ ಮಣ್ಣನ್ನೇ ತುಂಬಿ ನಿಲ್ಲಿಸಿದರು. ಅರಿಶಿನ ಕುಂಕುಮ ಈ ಸಲ ಬೇಡ ಅಂತ ಅಕ್ಕಯ್ಯಮ್ಮನೇ ಅಂದಳು. ಇಬ್ಬರೂ ಫೋನಿನ ಮೇಲೆ ಬಗ್ಗಿ ಕಾದರು. ಇಪ್ಪತ್ನಾಲ್ಕು ಅಳಿಸಿ ಏಳು ಬಂತು. ಬದುವಿನ ಆಚೆ ವಾಲ್ವ್ ಬಾಯಿ ತೆರೆಯಿತು. ಮೊದಲು ಬರೀ ಗಾಳಿ ಬುಸ್ಸೆಂದು ಬಂದು, ಆಮೇಲೆ ನೀರು ಬಂತು. ಅಕ್ಕಯ್ಯಮ್ಮ ಕೈಯೊಡ್ಡಿ ಮುಖಕ್ಕೆ ಎರಚಿಕೊಂಡಳು.

"ಸೊಪ್ಪು ಎದ್ದು ನಿಲ್ಲೋಕೆ ಎರಡು ಮೂರು ದಿನ ಬೇಕು. ಅಲ್ಲೀವರ್ಗೂ ಹುಳಕ್ಕೇನು ಮಾಡ್ತೀಯಕ್ಕ?" ಸುಗುಣ ಕೇಳಿದಳು.

ಅಕ್ಕಯ್ಯಮ್ಮ ಅವಳನ್ನು ವಿಚಿತ್ರವಾಗಿ ನೋಡಿದಳು. "ಯಾಕೆ, ನಿಂಗೊತ್ತಿಲ್ವಾ? ನೀರು ಕಿತ್ಕೊಂಡ ತಪ್ಪಿಗೆ ನೀನೇ ಕಳಿಸ್ತಿದೀಯಾ ಅಂತ ನಾನು... ಬಾ, ಬಾ ಮನೆಗೆ."

ಹದಿನೇಳರ ಬದು ಮುಗಿಯುವಲ್ಲಿದ್ದ ಹುಳು ಮನೆಯ ಬಾಗಿಲಲ್ಲಿ ಸುಗುಣ ನಿಂತಳು. ಒಳಗೆ ತಟ್ಟೆಗಳ ನಡುವೆ ರವಣಪ್ಪ ಬಗ್ಗಿ ಸೊಪ್ಪು ಹರಡುತ್ತಿದ್ದ. ಕಪ್ಪಗೆ ಮಿಂಚುವ ಹದಿನೆಂಟರ ಸೊಪ್ಪು. ಪಕ್ಕದಲ್ಲಿ ತುಂಬಿದ ಮಂಕರಿ, ಸೊಪ್ಪು ಬಾಡದಿರಲೆಂದು ಅದರ ಮೇಲೆ ಹೊದಿಸಿದ ಒದ್ದೆ ಗೋಣಿಚೀಲ. ಗೋಣಿ ನೆನೆಸಲು ತಂದ ಹಿತ್ತಾಳೆ ಬಿಂದಿಗೆ ಮೂಲೆಯಲ್ಲಿ ಅರ್ಧ ಖಾಲಿಯಾಗಿ ಕೂತಿತ್ತು.

ರವಣಪ್ಪ ಹೆಂಡತಿಯನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಎದ್ದು ನಿಂತ. "ಸುಗುಣಾ, ಬೈಬೇಡ. ಆಣೆ ಮುರ್ದೆ. ಹುಳ ಸಾಯೋದು ನೋಡೋಕಾಗ್ಲಿಲ್ಲ. ಐದು ದಿನ ಆಯ್ತು, ನಮ್ಮ ತಾಕಿಗೆ ನೀರಿರೋ ಹೊತ್ತಿಗೆ ಹೆಂಗೋ ನಡೀತೈತೆ. ಅತ್ತಿಗೆ ಹುಳ ಗೂಡು ಕಟ್ಟೋವರ್ಗೂ ತೂಗುಸ್ಬೋದು."

ನಮ್ಮ ತಾಕಿಗೆ ನೀರಿರೋ ಹೊತ್ತಿಗೆ. ಸುಗುಣ ಹೊಸಿಲ ಮೇಲೆ ಕೂತಳು. ಯಾವ ಹೊಸಿಲು ತುಳಿಯಬಾರದು ಅಂತ ಆಣೆ ಹಾಕಿಸಿದ್ದಳೋ ಅದೇ ಹೊಸಿಲು.

"ನಮ್ಮ ವಾಲ್ವ್ ಮುಚ್ಚೈತೆ," ಅಂದಳು. "ಹದಿನೈದು ದಿನ."

"ಯಾಕೆ? ಯಾರು ಮುಚ್ಚಿದ್ದು?"

ಸುಗುಣ ಎದ್ದು ಮುಂದೆ ನಡೆದಳು, ಇಬ್ಬರೂ ಹಿಂದೆ ಬಂದರು. ನೀರುಮನೆಯ ಹೊರಗೋಡೆಯ ಮುಂದೆ ಆಗಲೇ ಏಳೆಂಟು ಜನ ಸೇರಿದ್ದರು. ರವಣಪ್ಪನನ್ನು ಕಂಡು ಮಾತು ನಿಲ್ಲಿಸಿ ದಾರಿ ಬಿಟ್ಟರು. ಅವನು ಓದುವುದು ನಿಧಾನ. ಬೋರ್ಡಿನ ಮೇಲಿನ ಒಂದೊಂದೇ ಅಕ್ಷರವನ್ನು ತುಟಿ ಅಲ್ಲಾಡಿಸಿ ಓದಿದ. ಹದಿನೆಂಟನೇ ತಾಕು. ಕಾರಣ ಸಂಶಯ. ಹೆಸರು ವೆಂಕಟರವಣಪ್ಪ. ದೂರು ಕೊಟ್ಟವರು ಸುಗುಣ. ಕೊನೆಯ ಹೆಸರನ್ನು ಎರಡು ಸಲ ಓದಿದ.

"ಬಿಂದಿಗೆ ನೋಡಿದ್ಯಾ?" ಅಂತ ಮೆಲ್ಲಗೆ ಕೇಳಿದ.

"ನೋಡಿದೆ."

"ಕಾಲಲ್ಲಿ ಕೆಸರೂ ನೋಡಿರ್ತೀಯ."

"ಹೂಂ."

"ಎಲ್ಲ ಸರಿಯಾಗೇ ನೋಡಿದೀಯ," ಅಂದ ರವಣಪ್ಪ. ಸಿಟ್ಟಿಲ್ಲದ ಅವನ ದನಿ ಸುಗುಣನಿಗೆ ಏಟಿಗಿಂತ ಹೆಚ್ಚು ನೋಯಿಸಿತು. "ಒಂದು ಮಾತು ಕೇಳ್ಬೋದಾಗಿತ್ತಲ್ಲ ಸುಗುಣಾ."

"ಕೇಳಿದ್ದೆ. ಕುಡಿಯೋಕೆ ಅಂದ್ರಿ."

ಇಬ್ಬರೂ ಊರಿನ ಮುಂದೆ ತಲೆ ತಗ್ಗಿಸಿ ನಿಂತರು. ಅಕ್ಕಯ್ಯಮ್ಮ ಸುಮ್ಮನಿರುವವಳೇ? ಕಟ್ಟೆಯವರ ಕಡೆ ತಿರುಗಿ, "ಏನ್ರೋ ನೋಡ್ತೀರಾ? ಕೆರೆಗೋಡು ಹಾಕಿ ಗೂಟದ ಬಾಯಿ ಕೆಡ್ಸಿದ್ದು ನಾನು. ಬೋರ್ಡಲ್ಲಿ ನನ್ ಹೆಸರು ಬರೀರಿ!" ಅಂತ ಕೂಗಿದಳು.

ಬರೆಯಲಾಗಲಿಲ್ಲ. ಪಟ್ಟಣದ ಕಚೇರಿಗೂ ಆಗಲಿಲ್ಲ. ಒತ್ತಿದ್ದನ್ನು ಹದಿನೈದು ದಿನದೊಳಗೆ ಯಾರೂ ತೆಗೆಯಬಾರದು, ಇಲ್ಲದಿದ್ದರೆ ದೊಡ್ಡವರೆಲ್ಲ ಹೇಳಿ ತೆಗೆಸುತ್ತಾರೆ ಅಂತ ಯಂತ್ರವನ್ನು ಹಾಗೆ ಕಟ್ಟಿದ್ದರಂತೆ. ಇನಾಯತುಲ್ಲಾ ಸಾಹೇಬರು ಮೂರು ಸಲ ಕ್ಷಮೆ ಕೇಳಿದರು. ಹದಿನೇಳರ ಸೊಪ್ಪು ಮೂರನೇ ದಿನ ಚೇತರಿಸಿಕೊಂಡಿತು. ನಾಲ್ಕನೇ ಜ್ವರ ಎದ್ದ ಹುಳುಗಳು ಎರಡೂ ತಾಕಿನ ಸೊಪ್ಪನ್ನು ಬೋಳಿಸಿದವು, ಗೂಡೂ ಕಟ್ಟಿದವು. ಹದಿನೆಂಟು ಮಾತ್ರ ಒಣಗುತ್ತ ಹೋಯಿತು. ರವಣಪ್ಪ ಒಂದು ದಿನವೂ ಅದರ ಮಾತು ಎತ್ತಲಿಲ್ಲ. ಬೇರೆ ಮಾತೂ ಹೆಚ್ಚಿಗೆ ಆಡಲಿಲ್ಲ.

ಬೋರ್ಡು ಓದಿದ ಮಾರನೆಯ ದಿನದಿಂದ ಬೆಳಿಗ್ಗೆ ಬಿಂದಿಗೆ ತುಂಬಿದವಳು ಸುಗುಣ. ಸೊಪ್ಪು ಹೊತ್ತವನು ಅವನು, ಬಿಂದಿಗೆ ಹೊತ್ತು ಹಿಂದೆ ನಡೆದವಳು ಅವಳು. ಹುಳಕ್ಕೆ ಹಾಕಿ ಮುಗಿಸಿ ನೀರುಮನೆಗೆ ಬರುವಾಗ ಆ ಒದ್ದೆ ಗೋಣಿಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದಳು. ಬಂದವಳೇ ಅದನ್ನು ಹೊರಗೋಡೆಯ ಬೋರ್ಡಿನ ಮೇಲೆ, ಗಂಡನ ಹೆಸರು ಪೂರ್ತಿ ಮುಚ್ಚುವ ಹಾಗೆ, ಅಗಲಿಸಿ ಹೊದಿಸುತ್ತಿದ್ದಳು.

ಯಾರಾದರೂ ಕೇಳಿದರೆ, "ಒಣಗೋಕೆ ಹಾಕಿದೀನಿ," ಅನ್ನುತ್ತಿದ್ದಳು. ಹದಿನೈದು ದಿನ ಯಾರೂ ಅದನ್ನು ಸರಿಸಿ ನೋಡಲಿಲ್ಲ.